ಫೈಲ್ ಇದೆ, ಓದುವವರಿಲ್ಲ

ಮುಂಬಯಿಯ ದಲಾಲ್ ಸ್ಟ್ರೀಟಿನ ಷೇರು ದಲ್ಲಾಳಿ ಕಚೇರಿಗಳಲ್ಲಿ ಟೀವಿಯವರು ತೋರಿಸುವುದು ಮುಂದಿನ ಕೋಣೆಯನ್ನು ಮಾತ್ರ. ಕೆಂಪು, ಹಸಿರು ಅಂಕಿಗಳು ಓಡುವ ಪರದೆ, ಎರಡೂ ಕಿವಿಗೆ ಫೋನು ಹಿಡಿದ ಹುಡುಗರು. ಲಿಫ್ಟಿನ ಪಕ್ಕದ ಕತ್ತಲೆ ಓಣಿ ದಾಟಿ ಒಳಗೆ ಹೋದರೆ ಬ್ಯಾಕ್ ಆಫೀಸು. ಯಾರು ಯಾವ ಷೇರು ಕೊಂಡರು, ಯಾರ ಖಾತೆಗೆ ಎಷ್ಟು ದುಡ್ಡು ಹೋಗಬೇಕು, ಯಾರ ಡಿಮ್ಯಾಟಿನಿಂದ ಎಷ್ಟು ಷೇರು ಹೊರಬೀಳಬೇಕು ಎಂಬ ಲೆಕ್ಕವೆಲ್ಲ ಅಲ್ಲಿ ನಡೆಯುತ್ತದೆ. ನಾನು ಕೂರುವುದೂ ಅಲ್ಲೇ. ಆ ಲೆಕ್ಕವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಡೇಟಾಬೇಸನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಈ ಕೆಲಸದಲ್ಲಿ ಕಂಪ್ಯೂಟರ್ ಬದಲಾದಾಗಲೆಲ್ಲ ಎದ್ದುಬರುವ ದೂರೊಂದಿದೆ: ‘ಟೂಲ್ ಕಾಣೆಯಾಗಿದೆ.’ ಹಳೆಯ ಯಂತ್ರದಲ್ಲಿ ನಿನ್ನೆ ಸಂಜೆಯವರೆಗೂ ತೆರೆಯುತ್ತಿದ್ದ ಡೇಟಾಬೇಸ್ ಪ್ರಾಜೆಕ್ಟ್ ಹೊಸ ಯಂತ್ರದಲ್ಲಿ ತೆರೆಯುವುದಿಲ್ಲ. ಉಳಿದ ಪ್ರಾಜೆಕ್ಟ್‌ಗಳೆಲ್ಲ ಸರಿಯಾಗಿ ಬಂದಿರುತ್ತವೆ. ಇದೊಂದರ ಹೆಸರು ಮಾತ್ರ ಬೂದು ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ‘ಇನ್‌ಕಂಪ್ಯಾಟಿಬಲ್’ ಎಂಬ ಷರಾ ಹೊತ್ತು ಕೂತಿರುತ್ತದೆ. ನೋಡಿದವರು ಪ್ರಾಜೆಕ್ಟೇ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲಿ ಮಾಡಿಕೊಳ್ಳುವ ಅನಾಹುತವೇ ಅಸಲು ತೊಂದರೆಗಿಂತ ದೊಡ್ಡದಾಗಿರುತ್ತದೆ.

ಈ ಪೇಟೆಯ ನಂಟು ನಮ್ಮ ಮನೆಗೆ ಹಳೆಯದು. ಅಪ್ಪ 1960ರ ದಶಕದಲ್ಲಿ ಕಾರ್ಕಳದ ಕಡೆಯಿಂದ ಬಂದು ದಲಾಲ್ ಸ್ಟ್ರೀಟ್ ಇರುವ ಇದೇ ಫೋರ್ಟಿನ ಕ್ಯಾಂಟೀನೊಂದರಲ್ಲಿ ಕೆಲಸಕ್ಕೆ ನಿಂತವರು. ಹಗಲು ಚಹಾ ಕೊಟ್ಟು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಷೇರು ಪೇಟೆಯ ರಿಂಗಿನಲ್ಲಿ ಕೂಗಿ ಕೂಗಿಯೇ ವ್ಯಾಪಾರ ಕುದುರುತ್ತಿದ್ದ ಕಾಲ ಅದು. ಸೌದಾ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡಿದ್ದನ್ನು ಸಂಜೆ ಗುಮಾಸ್ತರು ತಾಳೆ ನೋಡುತ್ತಿದ್ದರು. ಇಬ್ಬರ ಪುಸ್ತಕದಲ್ಲಿ ಬೇರೆ ಬೇರೆ ಅಂಕಿ ಇದ್ದರೆ ಅದು ‘ವಾಂಧಾ’. 1875ರಷ್ಟು ಹಳೆಯ ಈ ಪೇಟೆಗೆ 1995ರಲ್ಲಿ ಬೋಲ್ಟ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಕೂಗಾಟ ನಿಂತಿತು. ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು ಫಾಕ್ಸ್‌ಪ್ರೊ ಕಲಿಯಲು ಓಡಾಡಿದ್ದು ಆ ಹೊತ್ತಿನಲ್ಲಿ. ಹುತಾತ್ಮ ಚೌಕದ ಫುಟ್‌ಪಾತಿನ ಹಳೇ ಪುಸ್ತಕದವರ ಹತ್ತಿರ ಚೌಕಾಸಿ ಮಾಡಿ ತಂದ ದಪ್ಪ ಕಂಪ್ಯೂಟರ್ ಪುಸ್ತಕಗಳು ಈಗಲೂ ಮನೆಯ ಅಟ್ಟದಲ್ಲಿವೆ. ಅವು ಯಾತಕ್ಕೂ ಬಾರವು, ಆದರೂ ಎಸೆಯಲು ಮನಸ್ಸಿಲ್ಲ.

ಕಾಣೆಯಾದ ಟೂಲಿನ ವಿಷಯಕ್ಕೆ ಮರಳುವ ಮೊದಲು ಡೇಟಾಬೇಸ್ ಪ್ರಾಜೆಕ್ಟ್ ಅಂದರೇನು ಎಂದು ಹೇಳಬೇಕು. ಡೇಟಾಬೇಸ್ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಅದರೊಳಗಿನ ಮಾಹಿತಿ: ಗ್ರಾಹಕರ ಹೆಸರು, ಪ್ಯಾನ್ ನಂಬರು, ಸೌದಾಗಳು. ಆ ಮಾಹಿತಿ ನಿಲ್ಲುವುದಕ್ಕೆ ಒಂದು ರಚನೆ ಬೇಕು. ಯಾವ ಟೇಬಲ್‌ನಲ್ಲಿ ಯಾವ ಕಾಲಂ, ಯಾವುದಕ್ಕೆ ಯಾವುದರ ಸಂಬಂಧ, ಪ್ರತಿ ರಾತ್ರಿ ಲೆಕ್ಕ ಕಟ್ಟುವ ಸ್ಟೋರ್ಡ್ ಪ್ರೊಸೀಜರ್‌ಗಳು ಯಾವುವು, ಇದೆಲ್ಲ ಆ ರಚನೆ. ಬಹಳ ಕಾಲ ಈ ರಚನೆ ಇದ್ದದ್ದು ಸರ್ವರಿನ ಒಳಗೆ ಮಾತ್ರ. ಬದಲಾವಣೆ ಬೇಕಾದರೆ ಯಾರೋ ಒಂದು ಸ್ಕ್ರಿಪ್ಟ್ ಬರೆದು ಓಡಿಸುತ್ತಿದ್ದರು. ಆ ಸ್ಕ್ರಿಪ್ಟು ಅವರ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ನ್ಯೂ ಟು’ ಎಂಬ ಹೆಸರುಗಳಲ್ಲಿ ಬೆಳೆಯುತ್ತ ಹೋಗುತ್ತಿತ್ತು. ಅವರು ಕೆಲಸ ಬಿಟ್ಟು ಹೋದ ದಿನ ಆ ಇತಿಹಾಸವೂ ಅವರೊಂದಿಗೆ ಹೋಗುತ್ತಿತ್ತು.

ಪ್ರಾಜೆಕ್ಟ್ ಎಂಬುದು ಈ ರಚನೆಯನ್ನು ಸರ್ವರಿನಿಂದ ಹೊರತೆಗೆದು, ಒಂದೊಂದು ಟೇಬಲ್‌ಗೂ ಒಂದೊಂದು ಪ್ರೊಸೀಜರ್‌ಗೂ ಒಂದೊಂದು ಪ್ರತ್ಯೇಕ ಫೈಲ್ ಮಾಡಿ, ಪ್ರೋಗ್ರಾಮಿನ ಕೋಡ್ ಜೊತೆಯಲ್ಲೇ ಜೋಪಾನ ಮಾಡುವ ಏರ್ಪಾಡು. ಯಾರು ಯಾವತ್ತು ಯಾವ ಸಾಲು ತಿದ್ದಿದರು ಎಂಬುದು ದಾಖಲಾಗಿರುತ್ತದೆ. ‘ಬಿಲ್ಡ್’ ಒತ್ತಿದರೆ ಇಡೀ ರಚನೆಯ ತಾಳೆ ನಡೆಯುತ್ತದೆ. ಇಲ್ಲದ ಕಾಲಂ ಒಂದನ್ನು ಯಾವುದೋ ಪ್ರೊಸೀಜರ್ ಕೇಳುತ್ತಿದ್ದರೆ ಸರ್ವರಿನ ತನಕ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ತಾಳೆಯಾದ ಮೇಲೆ ಹೊರಬರುವುದು ಡ್ಯಾಕ್‌ಪ್ಯಾಕ್ ಎಂಬ ಒಂದೇ ಫೈಲು. ಅದು ಒಳಗೆ ಬರೀ ಜಿಪ್. ಹೆಸರಿನ ಬಾಲ ಬದಲಿಸಿ ಬಿಚ್ಚಿದರೆ ಡೇಟಾಬೇಸಿನ ಇಡೀ ವಿನ್ಯಾಸ ಬರೆದಿಟ್ಟ ಎಕ್ಸ್‌ಎಂಎಲ್ ಕಾಣುತ್ತದೆ. ಇದನ್ನು ಸರ್ವರಿಗೆ ತೋರಿಸಿದರೆ, ಅಲ್ಲಿರುವುದಕ್ಕೂ ಇಲ್ಲಿರುವುದಕ್ಕೂ ಏನು ವ್ಯತ್ಯಾಸ ಎಂದು ನೋಡಿ, ಆ ವ್ಯತ್ಯಾಸದಷ್ಟಕ್ಕೆ ಮಾತ್ರ ಸ್ಕ್ರಿಪ್ಟ್ ತಯಾರಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಕೈಯಲ್ಲಿ ಸ್ಕ್ರಿಪ್ಟ್ ಬರೆದು ಬೆಳಿಗ್ಗೆ ಪೇಟೆ ತೆರೆಯುವವರೆಗೆ ಎದೆ ಹಿಡಿದುಕೊಂಡು ಕೂತ ನನ್ನಂಥವರಿಗೆ ಇದರ ಬೆಲೆ ಗೊತ್ತು.

ಇಂಥ ಪ್ರಾಜೆಕ್ಟನ್ನು ತೆರೆಯಬೇಕಾದದ್ದು ಪ್ರೋಗ್ರಾಮ್ ಬರೆಯುವವರು ಬಳಸುವ ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೋ. ಆದರೆ ವಿಷುವಲ್ ಸ್ಟುಡಿಯೋ ಹಾಕಿದ ಮಾತ್ರಕ್ಕೆ ತೆರೆಯುವುದಿಲ್ಲ. ಅದರೊಳಗೆ ಡೇಟಾಬೇಸ್ ಪ್ರಾಜೆಕ್ಟ್ ಓದಲು ಬರುವ ಭಾಗ ಬೇರೆ ಇದೆ. ಒಂದು ಹೋಲಿಕೆ ಕೊಡುತ್ತೇನೆ. ಇಲ್ಲಿಯ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರದ ಪತ್ರಾಗಾರವಿದೆ. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಅಲ್ಲಿಯ ಕಡತಗಳನ್ನು ಈಗಿನ ಮರಾಠಿ ಪದವೀಧರನ ಕೈಗೆ ಕೊಟ್ಟರೆ ಒಂದು ಸಾಲೂ ಓದಲಾರ. ಕಾಗದ ಹಾಳಾಗಿಲ್ಲ, ಶಾಯಿ ಮಾಸಿಲ್ಲ, ಓದುವವರು ಬೇಕು ಅಷ್ಟೆ. ಬೂದು ಬಣ್ಣಕ್ಕೆ ತಿರುಗಿದ ಪ್ರಾಜೆಕ್ಟಿನ ಕಥೆಯೂ ಇಷ್ಟೇ. ಫೈಲು ಇದ್ದಲ್ಲೇ ಇದೆ.

ಓದುವವರು ಯಾಕೆ ಪದೇ ಪದೇ ಕಾಣೆಯಾಗುತ್ತಾರೆ ಎಂದು ಕೇಳಿದರೆ ನಾನು ಬಯ್ಯುವುದು ನಮ್ಮ ಹುಡುಗರನ್ನಲ್ಲ. ಮೈಕ್ರೋಸಾಫ್ಟಿನವರು ಈ ಒಂದು ಸಾಮಾನಿಗೆ ಇಟ್ಟ ಹೆಸರುಗಳನ್ನೂ ಬದಲಿಸಿದ ಪೆಟ್ಟಿಗೆಗಳನ್ನೂ ನೋಡಿ. 2006ರ ಕೊನೆಗೆ ಇದು ಹುಟ್ಟಿದಾಗ ಹೆಸರು ‘ವಿಷುವಲ್ ಸ್ಟುಡಿಯೋ ಟೀಮ್ ಎಡಿಷನ್ ಫಾರ್ ಡೇಟಾಬೇಸ್ ಪ್ರೊಫೆಷನಲ್ಸ್’. ಉಸಿರು ಕಟ್ಟುವ ಈ ಹೆಸರನ್ನು ಜನ ‘ಡೇಟಾ ಡ್ಯೂಡ್’ ಎಂದು ಕರೆದರು. ಆಗ ಫೈಲಿನ ಬಾಲ ‘ಡಾಟ್ ಡಿಬಿಪ್ರಾಜ್’. 2012ರಲ್ಲಿ ಅದನ್ನು ಕೈಬಿಟ್ಟು ‘ಎಸ್‌ಕ್ಯುಎಲ್ ಸರ್ವರ್ ಡೇಟಾ ಟೂಲ್ಸ್’ ತಂದರು. ಬಾಲ ‘ಡಾಟ್ ಎಸ್‌ಕ್ಯುಎಲ್‌ಪ್ರಾಜ್’ ಆಯಿತು. ಇದರ ಮಧ್ಯೆ, ರಿಪೋರ್ಟ್ ಮಾಡುವ, ಮಾಹಿತಿಯನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಬೇರೆಯದೇ ಟೂಲ್‌ಗಳಿದ್ದವು. 2005ರಿಂದ ಅವುಗಳ ಹೆಸರು ‘ಬಿಸಿನೆಸ್ ಇಂಟೆಲಿಜೆನ್ಸ್ ಡೆವಲಪ್‌ಮೆಂಟ್ ಸ್ಟುಡಿಯೋ’. 2012ರಲ್ಲಿ ಅವಕ್ಕೂ ‘ಎಸ್‌ಕ್ಯುಎಲ್ ಸರ್ವರ್ ಡೇಟಾ ಟೂಲ್ಸ್’ ಎಂದೇ ನಾಮಕರಣ ಮಾಡಿದರು. ಎರಡು ಸಾಮಾನು, ಹೆಸರು ಒಂದು.

ಇದರ ಪರಿಣಾಮ ನೋಡಿ. ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರ್ 2012 ಇನ್‌ಸ್ಟಾಲ್ ಮಾಡುವಾಗ ಆ ಹೆಸರಿನ ಮುಂದೆ ಟಿಕ್ ಹಾಕಿದವರಿಗೆ ಸಿಗುತ್ತಿದ್ದದ್ದು ರಿಪೋರ್ಟಿನ ಟೂಲ್. ಡೇಟಾಬೇಸ್ ಪ್ರಾಜೆಕ್ಟಿನ ಹೆಸರೂ ಪಟ್ಟಿಯಲ್ಲಿ ಕಾಣುತ್ತಿತ್ತು, ಆದರೆ ಅದು ಬರೀ ಬಾಗಿಲು. ಒತ್ತಿದರೆ ‘ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ’ ಎನ್ನುತ್ತಿತ್ತು. ಫೋರ್ಟಿನ ಹಣಕಾಸು ಕಚೇರಿಗಳಲ್ಲಿ ಪ್ರೋಗ್ರಾಮ್ ಬರೆಯುವವರ ಯಂತ್ರಕ್ಕೆ ಇಂಟರ್ನೆಟ್ ಕೊಡುವ ರೂಢಿ ಕಡಿಮೆ. ಆ ಬಾಗಿಲ ಮುಂದೆ ನಿಂತು ವಾಪಸು ಬಂದವಳು ನಾನೊಬ್ಬಳೇ ಅಲ್ಲ.

ಪೆಟ್ಟಿಗೆಯ ಕಥೆ ಇನ್ನೊಂದು ಬಗೆ. 2012ರ ಮತ್ತು 2013ರ ವಿಷುವಲ್ ಸ್ಟುಡಿಯೋದಲ್ಲಿ ಈ ಟೂಲ್ ಒಳಗೇ ಬಂತು. 2015ರದಕ್ಕೆ ಬೇರೆಯಾಗಿ ಹಾಕಿಕೊಳ್ಳುವ ಇನ್‌ಸ್ಟಾಲರ್ ಇತ್ತು. 2017ರಿಂದ ವಿಷುವಲ್ ಸ್ಟುಡಿಯೋವನ್ನೇ ‘ವರ್ಕ್‌ಲೋಡ್’ ಎಂಬ ಕಂತೆಗಳಾಗಿ ಒಡೆದರು. ವೆಬ್ ಕೆಲಸದವರಿಗೆ ಒಂದು ಕಂತೆ, ಡೆಸ್ಕ್‌ಟಾಪ್ ಕೆಲಸದವರಿಗೆ ಒಂದು ಕಂತೆ. ನಮಗೆ ಬೇಕಾದದ್ದು ‘ಡೇಟಾ ಸ್ಟೋರೇಜ್ ಆಂಡ್ ಪ್ರೊಸೆಸಿಂಗ್’ ಎಂಬ ಕಂತೆಯೊಳಗೆ ಸೇರಿತು. ಕಂತೆ ಮಾಡಿದ್ದು ಒಳ್ಳೆಯದೇ, ಬೇಡದ್ದು ಹಾಕಿಕೊಂಡು ಡಿಸ್ಕ್ ತುಂಬಿಸುವ ಕಷ್ಟ ತಪ್ಪಿತು. ಆದರೆ ಯಂತ್ರ ಸಿದ್ಧಮಾಡಿ ಕೊಡುವ ಐಟಿ ವಿಭಾಗದವರಿಗೆ ಒಳಗೆ ಡೇಟಾಬೇಸ್ ಪ್ರಾಜೆಕ್ಟ್ ಇದೆ ಎಂದು ಯಾರೂ ಹೇಳಿರುವುದಿಲ್ಲ. ಅವರು ವೆಬ್‌ಗೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ.

ನಮ್ಮಲ್ಲಿ ಆದದ್ದೂ ಅದೇ. 2022ನೇ ಇಸವಿ. ಷೇರು ಪೇಟೆ ಆಗ ಟಿ ಪ್ಲಸ್ ಟುನಿಂದ ಟಿ ಪ್ಲಸ್ ಒನ್‌ಗೆ ಸಾಗುತ್ತಿತ್ತು. ಅಂದರೆ ಸೌದಾ ಆದ ಎರಡನೆಯ ದಿನ ಮುಗಿಯುತ್ತಿದ್ದ ದುಡ್ಡು-ಷೇರಿನ ವಿನಿಮಯ ಮರುದಿನವೇ ಮುಗಿಯಬೇಕು. ಎಲ್ಲ ಷೇರುಗಳೂ ಒಂದೇ ದಿನ ಬದಲಾಗಲಿಲ್ಲ. ಫೆಬ್ರವರಿ 25ರಂದು ಮಾರುಕಟ್ಟೆ ಮೌಲ್ಯದಲ್ಲಿ ಕೆಳಗಿನ 100 ಕಂಪನಿಗಳು, ಮಾರ್ಚಿನಿಂದ ಪ್ರತಿ ತಿಂಗಳ ಕೊನೆಯ ಶುಕ್ರವಾರ ಮತ್ತೆ 500, ಹೀಗೆ ನಡೆದು 2023ರ ಜನವರಿ 27ಕ್ಕೆ ದೊಡ್ಡ ಕಂಪನಿಗಳೂ ಸೇರಿ ಮುಗಿಯಿತು. ಆ ತಿಂಗಳುಗಳಲ್ಲಿ ಒಬ್ಬನೇ ಗ್ರಾಹಕ ಒಂದೇ ದಿನ ಕೊಂಡ ಎರಡು ಷೇರಿಗೆ ಎರಡು ಬೇರೆ ಬೇರೆ ವಾಯಿದೆ. ದುಡ್ಡು-ಷೇರು ಒಪ್ಪಿಸುವ ಪೇ-ಇನ್, ಪಡೆಯುವ ಪೇ-ಔಟ್ ಲೆಕ್ಕದ ಪ್ರೊಸೀಜರ್‌ಗಳನ್ನೆಲ್ಲ ಮುಟ್ಟಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಕಚೇರಿಯ ಯಂತ್ರಗಳನ್ನು ಬದಲಿಸಿ ವಿಷುವಲ್ ಸ್ಟುಡಿಯೋ 2022 ಹಾಕಿಕೊಟ್ಟರು.

ನನ್ನ ಜೊತೆ ಕೆಲಸ ಮಾಡುವ ಹುಡುಗ ಅಕ್ಕಲಕೋಟೆಯ ಕಡೆಯವನು. ಮರಾಠಿ ಶಾಲೆಯಲ್ಲಿ ಓದಿದ್ದರೂ ಮನೆಯ ಮಾತು ಕನ್ನಡ. ನನ್ನ ಕರಾವಳಿ ಕನ್ನಡಕ್ಕೆ ಅವನಿಗೆ ನಗು, ಅವನದಕ್ಕೆ ನನಗೆ.

‘ಅಕ್ಕಾರ, ಪ್ರಾಜೆಕ್ಟ್ ಓಪನ್ ಆಗವಲ್ದು ನೋಡ್ರಿ. ಇನ್‌ಕಂಪ್ಯಾಟಿಬಲ್ ಅಂತ ಬರದದ.’

‘ಅದಲ್ಲ ಮಾರಾಯ. ಕೆಳಗೆ ಔಟ್‌ಪುಟ್ ಕಿಟಕಿಯಲ್ಲಿ ಎಂತ ಬರೆದುಂಟು? ಪೂರ್ತಿ ಓದು.’

ಪೂರ್ತಿ ಓದುವುದೇ ಅರ್ಧ ಕೆಲಸ. ಈ ಪ್ರಾಜೆಕ್ಟ್ ಯಾವ ಅಪ್ಲಿಕೇಶನ್ನನ್ನು ಆಧರಿಸಿದೆಯೋ ಅದು ಸಿಗಲಿಲ್ಲ ಎಂದು ಅಲ್ಲಿ ಬರೆದಿತ್ತು. ಅದರ ಬಾಲಕ್ಕೆ ಅಂಕಿ-ಅಕ್ಷರಗಳ ಉದ್ದನೆಯ ಸರ, ಸೊನ್ನೆ ಸೊನ್ನೆ ಡಿ ಒಂದು ಎ ಒಂಬತ್ತು ಸಿ ಎರಡು ಎಂದು ಶುರುವಾಗುವುದು. ಪ್ರತಿ ಬಗೆಯ ಪ್ರಾಜೆಕ್ಟಿಗೂ ಇಂಥದ್ದೊಂದು ಗುರುತಿನ ಸಂಖ್ಯೆ ಇರುತ್ತದೆ, ಇದು ಎಸ್‌ಕ್ಯುಎಲ್ ಡೇಟಾಬೇಸ್ ಪ್ರಾಜೆಕ್ಟಿನದು. ಅಂದರೆ ವಿಷುವಲ್ ಸ್ಟುಡಿಯೋ ತನಗೆ ಯಾರು ಬೇಕಿತ್ತು ಎಂದು ಸ್ಪಷ್ಟವಾಗಿಯೇ ಹೇಳುತ್ತಿದೆ. ಹೇಳುವ ಭಾಷೆ ಮಾತ್ರ ಮನುಷ್ಯರದ್ದಲ್ಲ.

ಇಲ್ಲಿ ಅವಸರ ಪಟ್ಟವರು ಏನೇನು ಮಾಡುತ್ತಾರೆ ಎಂದು ನೋಡಿದ್ದೇನೆ. ‘ರೀಲೋಡ್’ ಒತ್ತುತ್ತಲೇ ಇರುತ್ತಾರೆ. ಬೂದು ಹೆಸರು ಕಣ್ಣಿಗೆ ಕಿರಿಕಿರಿ ಎಂದು ಪಟ್ಟಿಯಿಂದಲೇ ತೆಗೆದುಹಾಕಿ ಉಳಿದದ್ದನ್ನು ಸೇವ್ ಮಾಡುತ್ತಾರೆ. ಮರುದಿನ ಬೇರೆಯವರ ಯಂತ್ರದಲ್ಲೂ ಪ್ರಾಜೆಕ್ಟ್ ಮಾಯ, ಈಗ ನಿಜವಾಗಿ ಮಾಯ. ಕೆಲವರು ಎಸ್‌ಕ್ಯುಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಹಾಕಿಕೊಂಡು ಸಮಾಧಾನ ಪಡುತ್ತಾರೆ. ಅದು ಓಡುತ್ತಿರುವ ಸರ್ವರನ್ನು ನೋಡಿಕೊಳ್ಳುವ ಸಾಧನ, ಪ್ರಾಜೆಕ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕೆಲವರು ಇಡೀ ವಿಷುವಲ್ ಸ್ಟುಡಿಯೋವನ್ನೇ ಕಿತ್ತುಹಾಕಿ ಮತ್ತೆ ಹಾಕುತ್ತಾರೆ, ಅದೇ ಟಿಕ್‌ಗಳೊಂದಿಗೆ! ಮತ್ತೆ ಅದೇ ಬೂದು ಹೆಸರು.

ನಾನು ಮೊದಲು ನೋಡುವುದು ಫೈಲಿನ ಬಾಲ. ‘ಎಸ್‌ಕ್ಯುಎಲ್‌ಪ್ರಾಜ್’ ಇದ್ದರೆ ದಾರಿ ಒಂದು. ‘ಡಿಟಿಪ್ರಾಜ್’ ಇದ್ದರೆ ಅದು ಮಾಹಿತಿ ಸಾಗಿಸುವ ಇಂಟಿಗ್ರೇಷನ್ ಸರ್ವಿಸಸ್ ಪ್ರಾಜೆಕ್ಟ್. ಅದಕ್ಕೆ ಡೇಟಾ ಕಂತೆ ಹಾಕಿ ಪ್ರಯೋಜನವಿಲ್ಲ. 2019ರಿಂದ ಅದು ಪ್ರತ್ಯೇಕ ಎಕ್ಸ್‌ಟೆನ್ಷನ್, ಬೇರೆಯೇ ತಂದು ಹಾಕಬೇಕು. ‘ಆರ್‌ಪಿಟಿಪ್ರಾಜ್’ ಎಂಬ ರಿಪೋರ್ಟ್ ಪ್ರಾಜೆಕ್ಟಿಗೂ ಹಾಗೆಯೇ. ‘ಡಿಬಿಪ್ರಾಜ್’ ಎಂದು ಕಂಡರೆ 2010 ಅಥವಾ ಅದಕ್ಕೂ ಹಿಂದಿನ ಸಂಸಾರ. ಅದನ್ನು ಹೊಸ ಬಗೆಗೆ ಪರಿವರ್ತಿಸಬೇಕು, ಹಳೆಯದರ ಒಂದು ಪ್ರತಿ ತೆಗೆದಿಟ್ಟುಕೊಂಡು. ನಾಲ್ಕೂ ಬಾಲಗಳು ಒಂದೇ ಬೂದು ಬಣ್ಣದಲ್ಲಿ ಕಾಣುವುದರಿಂದ ಒಂದರ ಔಷಧ ಇನ್ನೊಂದಕ್ಕೆ ಹಾಕಿ ದಿನ ಕಳೆದವರಿದ್ದಾರೆ.

ಆಮೇಲೆ ಟೂಲ್ ನಿಜಕ್ಕೂ ಇಲ್ಲವೋ, ಇದ್ದೂ ಮುಖ ತೋರಿಸುತ್ತಿಲ್ಲವೋ ಎಂದು ತಿಳಿಯಬೇಕು. ಹೆಲ್ಪ್ ಮೆನುವಿನ ‘ಅಬೌಟ್’ ತೆರೆದರೆ ಒಳಗಿರುವ ಉತ್ಪನ್ನಗಳ ಪಟ್ಟಿ ಬರುತ್ತದೆ. ಅಲ್ಲಿ ‘ಎಸ್‌ಕ್ಯುಎಲ್ ಸರ್ವರ್ ಡೇಟಾ ಟೂಲ್ಸ್’ ಎಂಬ ಸಾಲು ಇಲ್ಲದಿದ್ದರೆ ವಿಷಯ ಮುಗಿಯಿತು, ಹಾಕಿಲ್ಲ. ಇದ್ದೂ ಪ್ರಾಜೆಕ್ಟ್ ತೆರೆಯದಿದ್ದರೆ ವಿಷುವಲ್ ಸ್ಟುಡಿಯೋ ತನ್ನ ಭಾಗಗಳ ನೆನಪಿಗಾಗಿ ಇಟ್ಟುಕೊಳ್ಳುವ ಕ್ಯಾಶ್ ಗೊಂದಲವಾಗಿರಬಹುದು. ‘ಕಾಂಪೊನೆಂಟ್ ಮಾಡೆಲ್ ಕ್ಯಾಶ್’ ಎಂಬ ಫೋಲ್ಡರ್ ಅಳಿಸಿ ಮತ್ತೆ ತೆರೆದರೆ ಅದು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್‌ಸ್ಟಾಲರಿನಲ್ಲಿ ‘ರಿಪೇರ್’. ಒಂದೇ ಯಂತ್ರದಲ್ಲಿ 2019 ಮತ್ತು 2022 ಎರಡೂ ಇದ್ದು, ಟೂಲ್ ಒಂದರಲ್ಲಿ ಮಾತ್ರ ಇರುವುದೂ ಉಂಟು. ಹುಡುಗರು 2022ರ ಐಕಾನ್ ಒತ್ತಿ 2019ರದನ್ನು ಹುಡುಕುತ್ತಿರುತ್ತಾರೆ. ಇನ್‌ಸ್ಟಾಲರ್ ಫೋಲ್ಡರಿನಲ್ಲಿ ‘ವಿಎಸ್‌ವೇರ್’ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಯಾವ ಭಾಗ ಯಾವ ಆವೃತ್ತಿಯಲ್ಲಿದೆ ಎಂದು ಕೇಳಿದರೆ ಅದು ಹೇಳುತ್ತದೆ. ವಾದ ಬೆಳೆಯುವ ಮೊದಲು ಅದನ್ನು ಕೇಳುವುದು ಒಳಿತು.

ನಮ್ಮ ಯಂತ್ರದ ‘ಅಬೌಟ್’ನಲ್ಲಿ ಆ ಸಾಲು ಇರಲಿಲ್ಲ. ಇಂಟರ್ನೆಟ್ ಇದ್ದ ಮನೆಯ ಕಂಪ್ಯೂಟರಾದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು: ಇನ್‌ಸ್ಟಾಲರ್ ತೆರೆದು, ‘ಮಾಡಿಫೈ’ ಒತ್ತಿ, ಡೇಟಾ ಕಂತೆಗೆ ಟಿಕ್ ಹಾಕಿ, ಬಲಬದಿಯ ಪಟ್ಟಿಯಲ್ಲಿ ‘ಎಸ್‌ಕ್ಯುಎಲ್ ಸರ್ವರ್ ಡೇಟಾ ಟೂಲ್ಸ್’ಗೂ ಟಿಕ್ ಇದೆಯೇ ಎಂದು ನೋಡಿ ಬಿಟ್ಟರಾಯಿತು. ನಮ್ಮಲ್ಲಿ ಹಾಗಲ್ಲ. ಹೊರಗಿನಿಂದ ಇಳಿಸಿದ ಸಾಮಾನನ್ನು ಒಳಗಿನ ಸರ್ವರಿನ ಒಂದು ಫೋಲ್ಡರಿನಲ್ಲಿ ಇಡುತ್ತಾರೆ, ಅದಕ್ಕೆ ‘ಲೇಔಟ್’ ಎನ್ನುತ್ತಾರೆ. ಎಲ್ಲ ಯಂತ್ರಗಳೂ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಆ ಲೇಔಟ್ ಮಾಡಿದವರು ವೆಬ್ ಮತ್ತು ಡೆಸ್ಕ್‌ಟಾಪ್ ಕಂತೆಗಳನ್ನು ಮಾತ್ರ ತಂದಿಟ್ಟಿದ್ದರು. ಹುಡುಗ ಡೇಟಾ ಕಂತೆಗೆ ಟಿಕ್ ಹಾಕಿ ‘ಇನ್‌ಸ್ಟಾಲ್’ ಒತ್ತಿದರೆ ಯಂತ್ರ ಅಲ್ಲಿಲ್ಲದ್ದನ್ನು ಹುಡುಕುತ್ತ ತಿರುಗಿ ತಿರುಗಿ ಕೊನೆಗೆ ನೆಟ್‌ವರ್ಕ್ ಸರಿಯಿಲ್ಲ ಎಂದಿತು. ನೆಟ್‌ವರ್ಕ್ ವಿಭಾಗಕ್ಕೆ ಟಿಕೆಟ್ ಹೋಯಿತು. ಅವರು ಕೇಬಲ್ ನೋಡಿದರು, ಸ್ವಿಚ್ ನೋಡಿದರು, ‘ಇಲ್ಲಿ ಎಲ್ಲ ಸರಿ ಇದೆ’ ಎಂದು ಟಿಕೆಟ್ ಮುಚ್ಚಿದರು. ಅವರ ಮಾತೂ ನಿಜ.

ಐಟಿ ವಿಭಾಗದವರ ಜೊತೆ ಕೂತು ಲೇಔಟ್ ಮಾಡಿದ ಆಜ್ಞೆಯ ಸಾಲನ್ನೇ ತೆರೆಸಿ ನೋಡಿದಾಗ ವಿಷಯ ಕೈಗೆ ಸಿಕ್ಕಿತು. ಅದೇ ಸಾಲಿಗೆ ಡೇಟಾ ಕಂತೆಯ ಹೆಸರು ಸೇರಿಸಿ, ‘ಇನ್‌ಕ್ಲೂಡ್ ರೆಕಮೆಂಡೆಡ್’ ಎಂಬ ಸೂಚನೆಯನ್ನೂ ಕೊಟ್ಟು ಮತ್ತೆ ಓಡಿಸಿದರು. ಆ ಸೂಚನೆ ಮರೆತರೆ ಕಂತೆಯ ಕಡ್ಡಾಯ ಭಾಗಗಳಷ್ಟೇ ಬರುತ್ತವೆ, ನಮಗೆ ಬೇಕಾದ ಟೂಲ್ ಕೂರುವುದು ಶಿಫಾರಸಿನ ಪಟ್ಟಿಯಲ್ಲಿ. ಇನ್ನೊಂದು ವಿಚಿತ್ರ ನಿಯಮವೂ ಇದೆ: ಲೇಔಟ್ ಫೋಲ್ಡರಿನ ಪೂರ್ಣ ವಿಳಾಸ 80 ಅಕ್ಷರಕ್ಕಿಂತ ಕಡಿಮೆ ಇರಬೇಕು. ಫೋರ್ಟಿನ ಕಚೇರಿಗಳಲ್ಲಿ ಕಂಪನಿಯ ಹೆಸರು, ಕಟ್ಟಡದ ಹೆಸರು, ಮಹಡಿ, ವಿಭಾಗ, ವರ್ಷ ಎಲ್ಲ ಸೇರಿಸಿ ಫೋಲ್ಡರಿಗೆ ಹೆಸರಿಡುವ ಚಾಳಿ ಇದೆ. ಫೋಲ್ಡರನ್ನು ಡಿಸ್ಕಿನ ತುದಿಗೆ, ಗಿಡ್ಡ ಹೆಸರಿಗೆ ತಂದ ಮೇಲೆ ಕೆಲಸ ಸಾಗಿತು. ಬೂದು ಹೆಸರಿಗೆ ಬಣ್ಣ ಬಂದಾಗ ಹುಡುಗ ಕ್ಯಾಂಟೀನಿನಿಂದ ಕಟಿಂಗ್ ಚಹಾ ತರಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಮತ್ತೊಂದು ಕಡೆಯಿಂದ ಕೂಗು.

ಅದು ಬಿಲ್ಡ್ ಸರ್ವರ್. ನಾವು ತಿದ್ದಿದ್ದನ್ನೆಲ್ಲ ರಾತ್ರಿ ಒಟ್ಟು ಮಾಡಿ ಡ್ಯಾಕ್‌ಪ್ಯಾಕ್ ಕಟ್ಟುವ ಯಂತ್ರ. ಅದಕ್ಕೆ ಪರದೆಯ ಮುಂದೆ ಕೂರುವವರು ಯಾರೂ ಇಲ್ಲ, ಆದ್ದರಿಂದ ಬೂದು ಬಣ್ಣವೂ ಕಾಣುವುದಿಲ್ಲ. ಅದು ಹೇಳುವ ಮಾತು ಬೇರೆ: ‘ಎಸ್‌ಕ್ಯುಎಲ್‌ಟಾಸ್ಕ್ಸ್ ಡಾಟ್ ಟಾರ್ಗೆಟ್ಸ್’ ಎಂಬ ಫೈಲ್ ಸಿಗಲಿಲ್ಲ, ದೋಷ ಸಂಖ್ಯೆ ಎಂಎಸ್‌ಬಿ 4019. ಹೇಗೆ ಕಟ್ಟಬೇಕೆಂಬ ವಿಧಾನ ಬರೆದಿರುವುದು ಆ ಟಾರ್ಗೆಟ್ಸ್ ಫೈಲಿನಲ್ಲಿ. ದೋಷದ ಜೊತೆಗೆ ಅದು ಹುಡುಕಿದ ಪೂರ್ತಿ ದಾರಿಯೂ ಇರುತ್ತದೆ, ಆ ದಾರಿಯನ್ನು ಕಣ್ಣು ಬಿಟ್ಟು ಓದಬೇಕು. ಅದರಲ್ಲಿ ವಿ 16 ಎಂದಿದ್ದರೆ 2019ನೆಯದನ್ನು ಹುಡುಕುತ್ತಿದೆ, ವಿ 17 ಎಂದಿದ್ದರೆ 2022. (2013ರದ್ದು 12, 2015ರದ್ದು 14. ನಡುವಿನ 13 ಎಲ್ಲಿ ಹೋಯಿತು ಎಂದು ಕೇಳಬೇಡಿ. ನಮ್ಮೂರಿನವರಿಗೆ ಮಾತ್ರವೇ ಶಕುನ ಅಪಶಕುನ ಎಂದುಕೊಂಡಿದ್ದೆ.) ಫೋಲ್ಡರಿನಲ್ಲೂ ಒಂದು ಮರ್ಮವಿದೆ. 2019ರವರೆಗಿನ ವಿಷುವಲ್ ಸ್ಟುಡಿಯೋ 32 ಬಿಟ್‌ನದು, ಕೂರುತ್ತಿದ್ದದ್ದು ಎಕ್ಸ್ 86 ಎಂಬ ಬಾಲದ ಪ್ರೋಗ್ರಾಮ್ ಫೈಲ್ಸ್‌ನಲ್ಲಿ. 2022ರದು 64 ಬಿಟ್ ಆಗಿ ಬಾಲವಿಲ್ಲದ ಫೋಲ್ಡರಿಗೆ ಬಂತು. ಆದರೆ ಬಿಲ್ಡ್ ಸರ್ವರಿಗೆ ಹಾಕುವ ಬಿಲ್ಡ್ ಟೂಲ್ಸ್ ಮಾತ್ರ 2022ರಲ್ಲೂ ಹಳೆಯ ಫೋಲ್ಡರಿನಲ್ಲೇ ಉಳಿಯಿತು. ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಪೂರ್ತಿ ಹೆಸರು ಬರೆದಿಟ್ಟಿದ್ದರೆ ಫೋಲ್ಡರ್ ಬದಲಾದ ದಿನ ಅದು ಮುರಿಯುತ್ತದೆ.

ಬಿಲ್ಡ್ ಸರ್ವರಿಗೆ ಬೇಕಾದದ್ದು ‘ಡೇಟಾ ಸ್ಟೋರೇಜ್ ಆಂಡ್ ಪ್ರೊಸೆಸಿಂಗ್ ಬಿಲ್ಡ್ ಟೂಲ್ಸ್’ ಎಂಬ ಅದರದೇ ಕಂತೆ. ಇದು ಗೊತ್ತಿಲ್ಲದವರು ತಮ್ಮ ಯಂತ್ರದಿಂದ ಟಾರ್ಗೆಟ್ಸ್ ಇರುವ ಫೋಲ್ಡರನ್ನೇ ಕಾಪಿ ಮಾಡಿ ಸರ್ವರಿನಲ್ಲಿ ಅಂಟಿಸುತ್ತಾರೆ. ಅವತ್ತಿಗೆ ಕೆಲಸ ಆಗುತ್ತದೆ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು. ಅಂಟಿಸಿದ್ದು ಯಾವ ಲೆಕ್ಕದಲ್ಲೂ ಇರುವುದಿಲ್ಲ, ಯಾವ ಅಪ್‌ಡೇಟೂ ಅದನ್ನು ಮುಟ್ಟುವುದಿಲ್ಲ. ಆರು ತಿಂಗಳ ಮೇಲೆ ನಮ್ಮ ಯಂತ್ರದಲ್ಲಿ ಹೊಸ ಆವೃತ್ತಿ, ಸರ್ವರಿನಲ್ಲಿ ಹಳೆಯದು. ಇಲ್ಲಿ ಬಿಲ್ಡ್ ಆಗುವುದು ಅಲ್ಲಿ ಆಗದು, ಕಾರಣ ಯಾರಿಗೂ ಹೊಳೆಯದು. ಬ್ಯಾಕ್ ಆಫೀಸಿನವರಾಗಿ ಲೆಕ್ಕಕ್ಕೆ ಸಿಗದ ಸಾಮಾನನ್ನು ಒಳಗೆ ಬಿಟ್ಟುಕೊಳ್ಳುವುದು ನಮಗೆ ಶೋಭೆಯಲ್ಲ.

ಇಷ್ಟೆಲ್ಲ ಆದ ಮೇಲೆ ನಾವು ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲೇ ‘ಡಾಟ್ ವಿಎಸ್‌ಕಾನ್ಫಿಗ್’ ಎಂಬ ಫೈಲ್ ಇಟ್ಟೆವು. ಈ ಕೆಲಸಕ್ಕೆ ಯಾವ ಯಾವ ಭಾಗಗಳು ಬೇಕು ಎಂಬ ಪಟ್ಟಿ ಅದು, ಕೆಲವೇ ಸಾಲು. ಅದನ್ನು ಕೈಯಲ್ಲಿ ಬರೆಯಬೇಕಾಗಿಯೂ ಇಲ್ಲ. ಎಲ್ಲ ಸರಿಯಾಗಿರುವ ಯಂತ್ರದ ಇನ್‌ಸ್ಟಾಲರಿನಲ್ಲಿ ‘ಎಕ್ಸ್‌ಪೋರ್ಟ್ ಕಾನ್ಫಿಗರೇಶನ್’ ಒತ್ತಿದರೆ ಸಿಗುತ್ತದೆ. ಮೂಲ ಫೋಲ್ಡರಿನಲ್ಲಿ ಈ ಫೈಲ್ ಇದ್ದರೆ ವಿಷುವಲ್ ಸ್ಟುಡಿಯೋ ಪ್ರಾಜೆಕ್ಟ್ ತೆರೆದ ಕೂಡಲೇ ಪಟ್ಟಿಯಲ್ಲಿರುವ ಯಾವುದು ತನ್ನಲ್ಲಿಲ್ಲ ಎಂದು ತಾನಾಗಿ ಹೇಳುತ್ತದೆ. ಐಟಿ ವಿಭಾಗದವರಿಗೂ ಲೇಔಟ್ ಮಾಡುವಾಗ ಇದೇ ಪಟ್ಟಿ ಕೊಡುತ್ತೇವೆ. ಮೊದಲು ಇದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದೆವು. ಹೇಳಿದವರು ರಜೆಯ ಮೇಲೆ ಊರಿಗೆ ಹೋದರೆ, ಅದೂ ಮೇ ತಿಂಗಳಲ್ಲಿ ಮುಂಬಯಿಯ ಅರ್ಧ ಕನ್ನಡಿಗರು ಊರಲ್ಲೇ ಇರುವಾಗ, ಕೇಳುವವರು ಯಾರನ್ನು ಕೇಳಬೇಕು?

ಡೇಟಾಬೇಸ್ ಪ್ರಾಜೆಕ್ಟ್ ಕಟ್ಟಲು ಈಗ ಮತ್ತೊಂದು ಬಗೆ ಬಂದಿದೆ. ಮೈಕ್ರೋಸಾಫ್ಟ್ ಡಾಟ್ ಬಿಲ್ಡ್ ಡಾಟ್ ಎಸ್‌ಕ್ಯುಎಲ್ ಎಂಬುದು ಅದರ ಹೆಸರು. 2025ರಲ್ಲಿ ಅದರ 1.0 ಆವೃತ್ತಿ ಹೊರಬಂತು. ಇದರಲ್ಲಿ ಕಟ್ಟುವ ವಿಧಾನ ಯಂತ್ರದಲ್ಲಿ ಇರಬೇಕಾಗಿಲ್ಲ. ಪ್ರಾಜೆಕ್ಟಿನ ಫೈಲೇ ತನಗೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂದು ಮೊದಲ ಸಾಲುಗಳಲ್ಲೇ ಹೇಳುತ್ತದೆ, ಬಿಲ್ಡ್ ಆಗುವಾಗ ಆ ಪ್ಯಾಕೇಜ್ ಬರುತ್ತದೆ. ವಿಷುವಲ್ ಸ್ಟುಡಿಯೋ ಇಲ್ಲದ ಲಿನಕ್ಸ್ ಯಂತ್ರದಲ್ಲೂ ಡ್ಯಾಕ್‌ಪ್ಯಾಕ್ ಕಟ್ಟಬಹುದು. ಇದು ಮೊದಲೇ ಮಾಡಬೇಕಿದ್ದ ಕೆಲಸ ಎಂದು ನನ್ನ ಅಭಿಪ್ರಾಯ. ಹಾಗೆಂದು ಪೆಟ್ಟಿಗೆ ಬದಲಿಸುವ ಚಾಳಿ ಹೋಗಿಲ್ಲ. ವಿಷುವಲ್ ಸ್ಟುಡಿಯೋ 2022ರೊಳಗೆ ಇದಕ್ಕಾಗಿ ಕೊಟ್ಟ ಪ್ರಿವ್ಯೂ ಟೂಲ್ ಮತ್ತು ಹಳೆಯ ಟೂಲ್ ಒಂದೇ ಕಡೆ ಜೊತೆಯಲ್ಲಿ ಇರಲಾರವು, ಒಂದನ್ನು ತೆಗೆದೇ ಇನ್ನೊಂದು. ಪ್ರಾಜೆಕ್ಟ್‌ಗಳನ್ನು ತೆರೆಯಲು ಕೆಲವರು ನೆಚ್ಚಿಕೊಂಡಿದ್ದ ಅಜೂರ್ ಡೇಟಾ ಸ್ಟುಡಿಯೋಗೆ 2026ರ ಫೆಬ್ರವರಿ 28 ಕೊನೆಯ ದಿನವೆಂದು ಒಂದು ವರ್ಷ ಮೊದಲೇ ಸಾರಿದರು, ಅವರೆಲ್ಲ ವಿಷುವಲ್ ಸ್ಟುಡಿಯೋ ಕೋಡ್ ಕಡೆಗೆ ನಡೆಯಬೇಕು.

ನಮ್ಮ ಕಚೇರಿಯಲ್ಲಿ ಹೊಸ ಬಗೆಗೆ ಹೋಗುವ ಮಾತು ಎತ್ತಿದವನು ಅಕ್ಕಲಕೋಟೆಯ ಹುಡುಗನೇ. ಚಿಕ್ಕ ಪ್ರಾಜೆಕ್ಟೊಂದನ್ನು ಆರಿಸಿ, ಹಳೆಯ ಬಗೆಯಲ್ಲಿ ಕಟ್ಟಿದ ಡ್ಯಾಕ್‌ಪ್ಯಾಕನ್ನೂ ಹೊಸ ಬಗೆಯದನ್ನೂ ಒಂದೇ ಸರ್ವರಿಗೆ ತೋರಿಸಿ, ಎರಡೂ ಒಂದೇ ಸ್ಕ್ರಿಪ್ಟ್ ಕೊಡುತ್ತವೆಯೇ ಎಂದು ನೋಡಲು ಹೇಳಿದ್ದೇನೆ. ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಆ ಪ್ಯಾಕೇಜ್ ಎಲ್ಲಿಂದ ಬರಬೇಕು ಎಂದು ಐಟಿ ವಿಭಾಗದವರು ಕೇಳಿದ್ದಾರೆ. ಒಳಗೇ ಒಂದು ಫೋಲ್ಡರಿನಲ್ಲಿ ಪ್ಯಾಕೇಜ್‌ಗಳನ್ನು ಇಟ್ಟು, ಪ್ರಾಜೆಕ್ಟಿಗೆ ಆ ವಿಳಾಸ ಕೊಡಬಹುದು. ಫೋಲ್ಡರಿಗೆ ಹೆಸರಿಡುವ ಕೆಲಸವನ್ನು ಈ ಸಲ ನಾನೇ ವಹಿಸಿಕೊಂಡಿದ್ದೇನೆ.